ಸೆರಗಿಲ್ಲದ ಯಂತ್ರ

ನನ್ನ ಜೇಬಿನಲ್ಲಿರುವ ಕರವಸ್ತ್ರದ ಒಂದು ಮೂಲೆಗೆ ಈ ಬೆಳಿಗ್ಗೆಯಿಂದ ಒಂದು ಗಂಟು ಬಿದ್ದಿದೆ. ಹಾಕಿದವನು ನಾನೇ, ಹಾಕಿದ್ದು ಯಾವುದನ್ನೋ ಮರೆಯದಿರಲೆಂದು, ಯಾವುದನ್ನು ಎಂಬುದು ಮಾತ್ರ ಮರೆತುಹೋಗಿದೆ. ಹೆಂಡತಿಯನ್ನು ಕೇಳಬಹುದು. ಆದರೆ ಏನನ್ನೋ ತರಲು ಹೇಳಿದವಳು ಅವಳೇ ಆಗಿದ್ದ ಪಕ್ಷದಲ್ಲಿ ಕೇಳುವುದು ತಪ್ಪೊಪ್ಪಿಗೆಯಾಗುತ್ತದೆ, ಅವಳಲ್ಲದಿದ್ದರೆ ಅನವಶ್ಯಕವಾಗಿ ಅನುಮಾನಕ್ಕೆ ಆಸ್ಪದ ಕೊಟ್ಟಂತಾಗುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಪಾಠ ಹೇಳಿ ನಿವೃತ್ತನಾದ ಮನುಷ್ಯನಾದ್ದರಿಂದ, ಇರುವ ಎರಡು ಸಾಧ್ಯತೆಗಳಲ್ಲಿ ಎರಡೂ ನನಗೆ ಪ್ರತಿಕೂಲವೇ ಎಂದು ಕ್ರಮಬದ್ಧವಾಗಿ ಸಾಧಿಸಿಕೊಂಡು, ಕರವಸ್ತ್ರವನ್ನು ಮತ್ತೆ ಜೇಬಿಗೆ ತುರುಕಿ, ವರಾಂಡದ ಕುರ್ಚಿಯಲ್ಲಿ ಕಾಗದ ಹಿಡಿದು ಕುಳಿತಿದ್ದೇನೆ. ಬರೆಯುತ್ತ ಹೋದರೆ ನೆನಪಾದೀತು ಎಂಬುದೊಂದು ಆಸೆ.

ಗಂಟು ಹಾಕುವುದು ಯಾರಿಗಾದರೂ ಬರುತ್ತದೆ. ಹಾಕಿದ ಗಂಟನ್ನು ಆಮೇಲೆ ಓದುವುದೇ ವಿದ್ಯೆ. ಆ ವಿದ್ಯೆಯಲ್ಲಿ ನಮ್ಮ ದೊಡ್ಡಮ್ಮನಿಗೆ ಸಮನಾದವರನ್ನು ನಾನು ಕಂಡಿಲ್ಲ. ದೊಡ್ಡಮ್ಮನೆಂದರೆ ನಮ್ಮ ತಂದೆಯ ಅಣ್ಣನ ಹೆಂಡತಿ, ಮುನಿವೆಂಕಟಮ್ಮ; ಮುಳಬಾಗಿಲಿನಿಂದಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯಿಂದ ಶ್ರೀನಿವಾಸಪುರದ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಹಿಪ್ಪುನೇರಳೆ ತೋಟ, ರೇಷ್ಮೆಹುಳುಗಳ ತಟ್ಟೆ, ಹದಿನಾಲ್ಕು ಜನರ ಅಡುಗೆ, ಇವುಗಳ ನಡುವೆ ಅವಳಿಗೆ ಕಥೆ ಹೇಳುವ ಚಟವಿತ್ತು. ಕನ್ನಡದಲ್ಲಿ ಆರಂಭವಾದ ಕಥೆ ಸಿಟ್ಟಿನ ಪ್ರಸಂಗ ಬಂದಲ್ಲಿ ತೆಲುಗಿಗೆ ಹೊರಳಿ, ಸಮಾಧಾನವಾದ ಮೇಲೆ ಕನ್ನಡಕ್ಕೆ ಮರಳುತ್ತಿತ್ತು. ಲೆಕ್ಕ ಬಂದರಂತೂ ತೆಲುಗೇ. ನಮ್ಮ ಕಡೆಯಲ್ಲಿ ಹೀಗೆ ಭಾಷೆ ಬದಲಾಯಿಸುವುದು ಎಡಗೈಯ ಚೀಲವನ್ನು ಬಲಗೈಗೆ ದಾಟಿಸಿದಷ್ಟು ಸಹಜವಾದ್ದರಿಂದ ಕೇಳುತ್ತಿದ್ದವರಾರೂ ಅದನ್ನು ಗಮನಿಸುತ್ತಿರಲಿಲ್ಲ.

ಅವಳ ಕಥೆಗಳ ವೈಶಿಷ್ಟ್ಯವೇನೆಂದರೆ ಅವು ನೇರವಾಗಿ ಮುಂದೆ ಹೋಗುತ್ತಲೇ ಇರಲಿಲ್ಲ, ಒಳಗೆ ಹೋಗುತ್ತಿದ್ದವು. ಒಬ್ಬ ಮನುಷ್ಯನ ಕಥೆ ಹೇಳುತ್ತಿರುವಾಗ ಅವನ ಎತ್ತು ಬಂದರೆ ಎತ್ತಿನ ಕಥೆಯನ್ನು ಹೇಳಲೇಬೇಕು, ಎತ್ತನ್ನು ಮಾರಿದವನ ಹೆಸರು ಬಂದರೆ ಅವನ ಅತ್ತೆಯ ಕಥೆಯನ್ನು ಬಿಡುವಂತಿಲ್ಲ. ಹೀಗೆ ಒಂದು ಕಥೆಯನ್ನು ನಡುವೆ ನಿಲ್ಲಿಸಿ ಇನ್ನೊಂದರೊಳಗೆ ಇಳಿಯುವಾಗಲೆಲ್ಲ ದೊಡ್ಡಮ್ಮ ಸೆರಗಿನ ಅಂಚಿಗೆ ಒಂದು ಗಂಟು ಹಾಕುತ್ತಿದ್ದಳು. ಮೂರು ಕಥೆ ಒಳಗೆ ಹೋದರೆ ಸಾಲಾಗಿ ಮೂರು ಗಂಟು. ಅತ್ತೆಯ ಕಥೆ ಮುಗಿದೊಡನೆ ಕೊನೆಯ ಗಂಟನ್ನು ಬಿಚ್ಚಿ ಎತ್ತನ್ನು ಮಾರಿದ ಜಾಗಕ್ಕೆ ಬರುವಳು. ಅದು ಮುಗಿದರೆ ಅದರ ಹಿಂದಿನ ಗಂಟು. ಎಲ್ಲಕ್ಕಿಂತ ಕೊನೆಗೆ ಬಿಚ್ಚುತ್ತಿದ್ದುದು ಎಲ್ಲಕ್ಕಿಂತ ಮೊದಲು ಹಾಕಿದ್ದು. ಗಂಟೆಲ್ಲ ಬಿಚ್ಚಿ ಸೆರಗು ಸಪಾಟಾಯಿತೆಂದರೆ ಕಥೆ ಮುಗಿಯಿತು, ಎದ್ದು ಹುಳುಗಳಿಗೆ ಸೊಪ್ಪು ಹಾಕಬೇಕು ಎಂದರ್ಥ. ಬಿಟ್ಟ ಜಾಗವನ್ನು ಅವಳು ಒಂದು ಮಾತಿನಷ್ಟೂ ತಪ್ಪಿದ್ದನ್ನು ನಾನು ಕೇಳಿಲ್ಲ.

ಇಷ್ಟು ನೆನಪು, ಇಷ್ಟು ಬಾಯಿಲೆಕ್ಕ ಇದ್ದ ಹೆಂಗಸು ಮೇಷ್ಟ್ರಾಗಬೇಕಿತ್ತು ಎಂದು ನಮಗೆಲ್ಲ ಅನ್ನಿಸುತ್ತಿತ್ತು. ಆದವಳು ಅವಳ ತಂಗಿ. ನಾರಾಯಣಮ್ಮ ಎಂದು ಹೆಸರು, ನಮಗೆಲ್ಲ ಚಿಕ್ಕಮ್ಮ. ಮಾಲೂರಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ಸೇರಿ ಮುಖ್ಯೋಪಾಧ್ಯಾಯಿನಿಯೂ ಆದವಳು. ಅಕ್ಕನಿಗಿಂತ ಒಂದು ವರ್ಷಕ್ಕೆ ಚಿಕ್ಕವಳಾದ ಈ ಚಿಕ್ಕಮ್ಮನಿಗೆ ಒಂದು ವಿಚಿತ್ರ ರೂಢಿಯಿತ್ತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದರಿಂದ ಏಳನೆಯ ತರಗತಿಯವರೆಗಿನ ಹೊಸ ಪಠ್ಯಪುಸ್ತಕಗಳ ಒಂದು ಕಟ್ಟನ್ನು ಮಾಲೂರಿನಿಂದ ಶ್ರೀನಿವಾಸಪುರಕ್ಕೆ ಕಳಿಸುತ್ತಿದ್ದಳು. ಮನೆಯಲ್ಲಿ ಓದುವ ಮಕ್ಕಳಿದ್ದ ವರ್ಷ ಸರಿಯೇ. ಯಾರೂ ಇಲ್ಲದ ವರ್ಷವೂ ಕಟ್ಟು ಬರುತ್ತಿತ್ತು. ದೊಡ್ಡಮ್ಮ ಅವನ್ನು ತೆಗೆದುಕೊಂಡು, ಮೂಸಿ, ಆಷಾಢ ಮುಗಿಯುವುದರೊಳಗೆ ಏಳು ತರಗತಿಗಳನ್ನೂ ಓದಿ ಪಾಸಾಗಿ, ಅಟ್ಟದ ಕೆಳಗಿನ ಹಲಗೆಯ ಮೇಲೆ ಜೋಡಿಸಿಡುತ್ತಿದ್ದಳು. ಅದೊಂದು ಮೇಷ್ಟರ ಖಯಾಲಿ ಎಂದು ನಾವು ನಗುತ್ತಿದ್ದೆವು.

ಈಗ ನನ್ನ ಅಪರಾಧದ ವಿಷಯ. ಎಪ್ಪತ್ತರ ದಶಕದ ನಡುಭಾಗದ ಒಂದು ಬೇಸಗೆ. ನಾನು ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತ, ಮೀಸೆಯ ಜೊತೆಗೆ ವೈಚಾರಿಕತೆಯನ್ನೂ ಬೆಳೆಸುತ್ತಿದ್ದ ಕಾಲ. ಮಧ್ಯಾಹ್ನ ನಡುಮನೆಯಲ್ಲಿ ದೊಡ್ಡಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತ, ಯಾವುದೋ ಲಹರಿಯಲ್ಲಿ, ಎಂದೂ ಹೇಳದಿದ್ದ ತನ್ನದೇ ಕಥೆಯನ್ನು ಆರಂಭಿಸಿದಳು. ಅಕ್ಕತಂಗಿಯರಿಬ್ಬರೂ ಊರಿನ ಶಾಲೆಯ ಓದು ಮುಗಿಸಿದ್ದರು. ಕೋಲಾರದಲ್ಲಿ ಉಪಾಧ್ಯಾಯರ ತರಬೇತಿಗೆ ಸೇರಲು ಇಬ್ಬರಿಗೂ ಆಸೆ. ಅವರ ತಂದೆ ಒಬ್ಬಳನ್ನು ಮಾತ್ರ ಕಳಿಸುತ್ತೇನೆಂದ. ಇನ್ನೊಬ್ಬಳು ರೇಷ್ಮೆಹುಳು ನೋಡಿಕೊಂಡು ಮನೆಯಲ್ಲಿರಬೇಕು, ಮದುವೆಯಾಗಬೇಕು. ಯಾರನ್ನು ಎಂದು ಅವನಿಗೂ ತೋಚದೆ ದೇವರ ಮುಂದೆ ಚೀಟಿ ಎತ್ತುವುದೆಂದಾಯಿತು. ಎರಡು ಚೀಟಿಗಳನ್ನು ಮಡಿಸಿ ರಾಗಿ ಅಳೆಯುವ ಸೇರಿನೊಳಗೆ ಹಾಕಿದರು.

"ಚೀಟಿ ಎತ್ತಿದ್ಮೇಲೆ ಒಂದು ನಡೀತು ಕಣೋ. ಅದನ್ನ ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ," ಎಂದಳು ದೊಡ್ಡಮ್ಮ. ನಾನು ಪುಸ್ತಕ ಮಡಿಸಿದೆ. "ಅಪ್ಪ ಸೇರನ್ನ ಅಲ್ಲಾಡಿಸ್ದ. ಆ ಸೇರು ಒಂದ್ಕಡೆ ತಗ್ಗಾಗಿತ್ತು, ಅದ್ಯಾಕೆ ಗೊತ್ತಾ..."

ಅಷ್ಟೇ. ಸೆರಗಿಗೆ ಒಂದು ಗಂಟು ಬಿತ್ತು, ಕಥೆ ಸೇರಿನ ತಗ್ಗಿನೊಳಕ್ಕೆ ಇಳಿಯಿತು. ಅವರ ತಾತ ಕಡಲೆಕಾಯಿ ಹೊಲದಲ್ಲಿ ಕರಡಿಯೊಂದರ ಮೇಲೆ ಆ ಸೇರನ್ನು ಬೀಸಿ ಎಸೆದಿದ್ದನಂತೆ. ಕರಡಿ ಬಂತೆಂದು ಕೂಗಿದವನು ಪಕ್ಕದ ಹೊಲದವನು. ಅವನ ಗಂಟಲು ಒಡೆದದ್ದು ಹೇಗೆಂದರೆ, ಎರಡನೆಯ ಗಂಟು. ಅಲ್ಲಿಂದ ಒಂದು ಭಜನೆ ಮಂಡಳಿಯ ಜಗಳ, ಮೂರನೆಯ ಗಂಟು. ಆ ಜಗಳ ರಾಜಿಯಾಗುವ ಮೊದಲೇ ದೊಡ್ಡಮ್ಮನ ಕೈ ನಿಧಾನವಾಯಿತು, ಗೋಡೆಗೆ ಒರಗಿದ ತಲೆ ವಾಲಿತು, ಸಣ್ಣ ಗೊರಕೆ ಕೇಳಿಸಿತು.

ಆಗ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಈ ಗಂಟುಗಳಿಂದಲೇ ನೆನಪು ನಿಲ್ಲುತ್ತದೆಂಬುದು ಶುದ್ಧ ಮೂಢನಂಬಿಕೆ, ನೆನಪಿರುವುದು ಮಿದುಳಿನಲ್ಲೇ ಹೊರತು ನೂಲಿನಲ್ಲಲ್ಲ, ಇದನ್ನು ಪ್ರಯೋಗದಿಂದ ಸಾಧಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ದೊರೆಯದು ಎಂದು ತರ್ಕಿಸಿ, ಉಸಿರು ಬಿಗಿಹಿಡಿದು, ಮೂರು ಗಂಟುಗಳನ್ನೂ ಬಿಚ್ಚಿ ಸೆರಗನ್ನು ನೇವರಿಸಿಟ್ಟೆ. ದೊಡ್ಡಮ್ಮ ಎಚ್ಚರಗೊಂಡಾಗ ನಾನು ಬೀಜಗಣಿತದಲ್ಲಿ ತಲ್ಲೀನನಾಗಿದ್ದೆ. ಅವಳ ಬೆರಳುಗಳು ಸೆರಗಿನ ಅಂಚನ್ನು ಹುಡುಕಿ ಹೋದವು, ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದವು, ನಿಂತವು. ನನ್ನನ್ನು ಒಮ್ಮೆ ನೋಡಿದಳು. "ಬಿಚ್ಚೋಗಿದೆ," ಎಂದಳು. "ಎಲ್ಲಿ ಬಿಟ್ಟಿದ್ನೋ ಏನೋ. ಹೋಗ್ಲಿ ಬಿಡು." ಮತ್ತೆ ಮಾವಿನಕಾಯಿ ಹೆಚ್ಚತೊಡಗಿದಳು.

ಪ್ರಯೋಗ ವಿಫಲವಾಯಿತೆಂದು ನನಗೆ ಸಂತೋಷವಾಗಬೇಕಿತ್ತೋ ದುಃಖವಾಗಬೇಕಿತ್ತೋ ತಿಳಿಯಲಿಲ್ಲ, ನಾಚಿಕೆಯಂತೂ ಆಯಿತು. ತಪ್ಪೊಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ, ಹಬ್ಬಕ್ಕೋ ಹುಣ್ಣಿಮೆಗೋ ಎಲ್ಲರೂ ಸೇರಿದಾಗ, "ದೊಡ್ಡಮ್ಮಾ, ಆ ಚೀಟಿ ಕಥೆ?" ಎಂದು ಎಷ್ಟು ಸಲ ಕೇಳಿರಬಹುದೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದೇ ಉತ್ತರ: ಗಂಟು ಬಿಚ್ಚಿಹೋಯಿತಲ್ಲ, ನೆನಪಿಲ್ಲ. ಕರಡಿಯ ಕಥೆಯನ್ನು ಆಮೇಲೆ ಪೂರ್ತಿ ಹೇಳಿದಳು. ಒಡೆದ ಗಂಟಲಿನ ಕಥೆಯನ್ನೂ, ಭಜನೆ ಮಂಡಳಿಯ ರಾಜಿಯನ್ನೂ ಹೇಳಿದಳು. ಒಳಗಿನ ಮೂರೂ ಕಥೆ ನೆನಪಿದ್ದು ಎಲ್ಲಕ್ಕಿಂತ ಹೊರಗಿನ ಚೀಟಿಯ ಕಥೆಯೊಂದೇ ಮರೆತದ್ದು ಹೇಗೆ ಎಂದು ಯೋಚಿಸುವಷ್ಟು ಬುದ್ಧಿ ಗಣಿತದ ಪದವೀಧರನಿಗೆ ಬರಲಿಲ್ಲ. ಚೀಟಿಯಲ್ಲಿ ಚಿಕ್ಕಮ್ಮನ ಹೆಸರು ಬಂತೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅದಾದ ಮೇಲೆ ನಡೆದದ್ದೇನು? ನನ್ನ ಕೈಯಾರೆ ನಾನು ಅಳಿಸಿಹಾಕಿದ ಆ ಒಂದು ವಾಕ್ಯ ಹಲ್ಲಿನ ಸಂದಿಯ ನಾರಿನಂತೆ ವರ್ಷಗಟ್ಟಲೆ ಕಾಡುತ್ತಿತ್ತು.

ಇಲ್ಲಿ ನಾನೊಂದು ಗಂಟು ಹಾಕಿ ಎಂಬತ್ತರ ದಶಕಕ್ಕೆ ಹೋಗುತ್ತೇನೆ, ನೀವೂ ನೆನಪಿಟ್ಟುಕೊಳ್ಳಿ. ನಾನಾಗ ಮುಳಬಾಗಿಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ವಾರವಿಡೀ ಅಲ್ಲಿನ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಶ್ರೀನಿವಾಸಪುರ. ಒಂದು ದಿನ ನಮ್ಮ ಶಾಲೆಗೆ ಮರದ ಪೆಟ್ಟಿಗೆಯೊಳಗೆ ಹುಲ್ಲು ಹಾಸಿ ಮಲಗಿಸಿದ ಒಂದು ಕಂಪ್ಯೂಟರ್ ಬಂದಿಳಿಯಿತು. ಹುಲ್ಲು ನೋಡಿ ಮಾವಿನಹಣ್ಣೆಂದು ನಂಬಿದ ಜವಾನ ಬಹಳ ಉತ್ಸಾಹದಿಂದ ಮೊಳೆ ಕಿತ್ತು, ಬಹಳ ನಿರುತ್ಸಾಹದಿಂದ ಅದನ್ನು ಮೇಜಿನ ಮೇಲಿಟ್ಟ. ಅದರ ಕೀಲಿಮಣೆಯನ್ನು ಟೀವಿಗೆ ಸಿಕ್ಕಿಸಬೇಕು, ಬೇಸಿಕ್ ಎಂಬ ಭಾಷೆಯಲ್ಲಿ ಮಾತಾಡಿಸಬೇಕು. ಗಣಿತದವನೆಂಬ ಒಂದೇ ಕಾರಣಕ್ಕೆ ಅದು ನನ್ನ ಕೊರಳಿಗೆ ಬಿತ್ತು. ನಾನಾದರೂ ಅದರ ಹಿಂದಿನ ರಜೆಯಲ್ಲಿ ಕೋಲಾರದಲ್ಲಿ ಹದಿನೈದು ದಿನದ ತರಬೇತಿಯೊಂದಕ್ಕೆ ಹೋಗಿ ಪಾಸ್ಕಲ್ ಎಂಬ ಬೇರೊಂದು ಭಾಷೆಯನ್ನು ಕಲಿತಿದ್ದೆ. ಆ ಭಾಷೆಯಲ್ಲಿ ನಾನು ಬರೆದ ಒಂಬತ್ತು ಸಾಲಿನ ಒಂದು ಫಂಕ್ಷನ್ನನ್ನು, ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಒಂದು ಕಂತೆಯನ್ನು, ನೋಟ್‌ಪುಸ್ತಕದಲ್ಲಿ ಇಟ್ಟುಕೊಂಡು ಆಗಾಗ ತೆಗೆದು ನೋಡುತ್ತಿದ್ದೆನೆಂದು ಹೇಳಿಕೊಳ್ಳಲು ನನಗೆ ಈಗ ಸಂಕೋಚವಿಲ್ಲ.

ಅದು ವಿಕಲ್ಪಗಳನ್ನು ಹುಡುಕುವ ಫಂಕ್ಷನ್. ತನ್ನನ್ನು ತಾನೇ ಕರೆಯುವಂಥದು. ಏಳು ಜನರಲ್ಲಿ ಮೂವರನ್ನು ಎಷ್ಟು ಬಗೆಯಲ್ಲಿ ಆರಿಸಬಹುದೋ ಅಷ್ಟನ್ನೂ ಬರೆದು ಕೊಡೆಂದು ಹೇಳಿದರೆ, ಅದು ಒಬ್ಬನನ್ನು ತಾನು ಹಿಡಿದುಕೊಂಡು, 'ಇವನ ನಂತರದವರಲ್ಲಿ ಇಬ್ಬರನ್ನು ನೀನು ಆರಿಸು' ಎಂದು ತನ್ನದೇ ಪಡಿಯಚ್ಚೊಂದಕ್ಕೆ ಕೆಲಸ ವಹಿಸುತ್ತದೆ. ಆ ಪಡಿಯಚ್ಚು ಇನ್ನೊಬ್ಬನನ್ನು ಹಿಡಿದುಕೊಂಡು, ಉಳಿದ ಒಬ್ಬನಿಗಾಗಿ ಮತ್ತೊಂದು ಪಡಿಯಚ್ಚನ್ನು ಕರೆಯುತ್ತದೆ. ಒಳಗಿನವನು ತನ್ನ ಸರದಿ ಮುಗಿಸಿ ಬಂದಾಗ, ಹೊರಗಿನವನು ತಾನು ಎಷ್ಟನೆಯವನ ಬಳಿ ನಿಂತಿದ್ದೆನೆಂದು ನೆನೆದುಕೊಂಡು ಮುಂದಿನವನತ್ತ ಹೋಗುತ್ತಾನೆ. ಇಷ್ಟೇ. ಒಂಬತ್ತು ಸಾಲಿನಲ್ಲಿ ಇಡೀ ಪ್ರಪಂಚವನ್ನು ಆರಿಸಿಬಿಡಬಹುದಲ್ಲ ಎಂದು ನನಗೆ ಕೋಲಾರದಿಂದ ಬರುವ ಬಸ್ಸಿನಲ್ಲಿ ರೋಮಾಂಚನವಾಗಿತ್ತು.

ರೋಮಾಂಚನಕ್ಕೆ ಉಪಯೋಗ ಹುಡುಕಿಕೊಟ್ಟವರು ಹೆಡ್‌ಮಾಸ್ತರರು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಪರೀಕ್ಷೆಗೆ ಮೊದಲು ಮೂವತ್ತೈದು ಸಂಜೆ ಶಾಲೆಯಲ್ಲೇ ಕೂರಿಸಿ ಓದಿಸುವುದು ವಾಡಿಕೆ. ಪ್ರತಿ ಸಂಜೆಗೆ ಮೂವರು ಮೇಷ್ಟ್ರುಗಳ ಕಾವಲು. ಇದ್ದವರು ಏಳು ಜನ. ಯಾರಿಗೆ ಯಾರೊಡನೆ ಸರದಿ ಬಿದ್ದರೂ ಪಕ್ಷಪಾತದ ದೂರು ಹೆಡ್‌ಮಾಸ್ತರರ ಮೇಜಿಗೆ ಬರುತ್ತಿತ್ತು, ಏಕೆಂದರೆ ಹಾಜರಿ ಪುಸ್ತಕದಲ್ಲಿ ಒಂದನೆಯವರಾದ ಹಿಂದಿ ಪಂಡಿತರೂ ಎರಡನೆಯವರಾದ ಡ್ರಾಯಿಂಗ್ ಮೇಷ್ಟರೂ ಸ್ಟಾಫ್ ರೂಮಿನ ಒಂದು ಬೆತ್ತದ ಕುರ್ಚಿಯ ವಿಷಯವಾಗಿ ಎಂಟು ವರ್ಷದಿಂದ ಮಾತು ಬಿಟ್ಟಿದ್ದರು. ಏಳರಲ್ಲಿ ಮೂರು ಎಂದರೆ ಸರಿಯಾಗಿ ಮೂವತ್ತೈದು ವಿಕಲ್ಪ, ಎಲ್ಲರಿಗೂ ಎಲ್ಲರೊಡನೆಯೂ ಸಮನಾಗಿ ಐದೈದು ಸಂಜೆ, ಯಂತ್ರವೇ ಬರೆದು ಕೊಡುತ್ತದೆ, ಯಂತ್ರಕ್ಕೆ ಪಕ್ಷಪಾತವಿಲ್ಲ ಎಂದು ನಾನು ಅಪ್ಪಣೆ ಕೊಡಿಸಿದೆ. ಪಾಸ್ಕಲ್ಲಿನ ಒಂಬತ್ತು ಸಾಲನ್ನು ಬೇಸಿಕ್ಕಿಗೆ ಅನುವಾದಿಸುವುದಷ್ಟೇ ಬಾಕಿ. ತೆಲುಗನ್ನು ಕನ್ನಡಕ್ಕೆ, ಕನ್ನಡವನ್ನು ತೆಲುಗಿಗೆ ಬಾಯಿ ತೆರೆದಲ್ಲೇ ದಾಟಿಸುವ ಜಿಲ್ಲೆಯವನಿಗೆ ಅದೆಷ್ಟರ ಕೆಲಸ ಎಂದುಕೊಂಡು, ಸಾಲಿಗೆ ಸಾಲು, ಪದಕ್ಕೆ ಪದ ಇಟ್ಟು ಮುಗಿಸಿದೆ.

ಗುರುವಾರ ಎಲ್ಲರನ್ನೂ ಕರೆದು ಯಂತ್ರವನ್ನು ಓಡಿಸಿದೆ. ಪರದೆಯ ಮೇಲೆ ಒಂದು ಎರಡು ಮೂರು ಎಂದು ಬಂತು. ಆಮೇಲೆ ಒಂದು ಎರಡು ನಾಲ್ಕು. ಒಂದು ಎರಡು ಐದು. ಒಂದು ಎರಡು ಆರು. ಒಂದು ಎರಡು ಏಳು. ಅಲ್ಲಿಗೆ ಯಂತ್ರ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಯಿತು. ಮೂವತ್ತೈದರಲ್ಲಿ ಐದು, ಆ ಐದರಲ್ಲೂ ಒಂದನೆಯವರು ಎರಡನೆಯವರು ಒಟ್ಟಿಗೆ! "ಏನ್ ಸ್ವಾಮಿ, ನಿಮ್ ಮಿಷಿನ್ನಿಗೂ ನನ್ಮೇಲೆ ಹಗೆನಾ?" ಎಂದು ಹಿಂದಿ ಪಂಡಿತರು ನನ್ನನ್ನು ಕಿಟಕಿಯ ಬಳಿ ಕರೆದು ಕೇಳಿದರು. ಡ್ರಾಯಿಂಗ್ ಮೇಷ್ಟರು ಬಾಗಿಲ ಬಳಿ ಕರೆದು ಅದನ್ನೇ ಕೇಳಿದರು. ಎಂಟು ವರ್ಷಗಳಲ್ಲಿ ಅವರಿಬ್ಬರ ಅಭಿಪ್ರಾಯ ಒಂದಾದದ್ದು ಅದೇ ಮೊದಲು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, "ಸೋಮವಾರದ ತನಕ ನೋಡೋಣ. ಆಗ್ಲಿಲ್ಲ ಅಂದ್ರೆ ಚೀಟಿ ಎತ್ತಿಬಿಡೋಣ," ಎಂದರು. ಶುಕ್ರವಾರವೆಲ್ಲ ಸಾಲುಗಳನ್ನು ಹಿಂದು ಮುಂದು ಮಾಡಿ ನೋಡಿದೆ. ಒಮ್ಮೆಯೂ ಐದಕ್ಕಿಂತ ಆರನೆಯದು ಬರಲಿಲ್ಲ.

ಶನಿವಾರ ಮನೆಗೆ ಬಂದಾಗ ನನ್ನ ಮುಖ ನೋಡಿ ದೊಡ್ಡಮ್ಮ ಮಜ್ಜಿಗೆ ಕೊಟ್ಟು ಮುಂದೆ ಕೂರಿಸಿಕೊಂಡಳು. ಅವರೆಕಾಯಿಯ ಕಾಲ, ಮೊರದ ತುಂಬ ಕಾಯಿ ಸುರಿದುಕೊಂಡು ಸುಲಿಯುತ್ತಿದ್ದಳು. ನನ್ನ ಅವಮಾನವನ್ನು ಸವಿಸ್ತಾರವಾಗಿ ಹೇಳಿಕೊಂಡೆ. ಅರ್ಥವಾಗುವುದಿಲ್ಲವೆಂಬ ನಂಬಿಕೆಯಿಂದಲೇ ಹೇಳಿಕೊಳ್ಳುವ ಸುಖವೊಂದಿದೆಯಲ್ಲ, ಅದು. ಸೋಮವಾರ ಚೀಟಿ ಎತ್ತುತ್ತಾರಂತೆ ಎಂದಾಗ ಮಾತ್ರ ಅವಳ ಕೈ ಸಟಕ್ಕನೆ ನಿಂತಿತು. "ಚೀಟಿ ಬೇಡ ಕಣೋ," ಎಂದಳು, ನಾನೇ ಬೆಚ್ಚುವಷ್ಟು ಗಟ್ಟಿಯಾಗಿ. ಆಮೇಲೆ ಧ್ವನಿ ತಗ್ಗಿಸಿ, "ಎಲ್ಲಿ, ನಿನ್ ಮಿಷಿನ್ನು ಹೆಂಗ್ ಮಾಡುತ್ತೋ ಹಂಗೇ ಮಾಡಿ ತೋರ್ಸು," ಎಂದು ಮೊರದಲ್ಲಿ ಜಾಗ ಮಾಡಿ ಏಳು ಅವರೆಕಾಳುಗಳನ್ನು ಸಾಲಾಗಿಟ್ಟಳು.

ನಾನು ಯಂತ್ರವಾದೆ. ಯಾವ ಕಾಳಿನ ಬಳಿ ನಿಂತಿದ್ದೇನೆಂಬುದನ್ನು ಯಂತ್ರ ಹೆಸರಿಟ್ಟ ಒಂದು ಪೆಟ್ಟಿಗೆಯಲ್ಲಿ ಬರೆದಿಟ್ಟುಕೊಳ್ಳುತ್ತದೆಂದು ಹೇಳಿ, ಒಂದು ಕಾಗದದ ಚೂರಿನ ಮೇಲೆ ಪೆನ್ಸಿಲಿನಲ್ಲಿ 'ಒಂದು' ಎಂದು ಬರೆದು ಮೊದಲ ಕಾಳನ್ನು ತೆಗೆದುಕೊಂಡೆ. ಒಳಗಿನವನು ಬಂದ, ಅದನ್ನೇ ಅಳಿಸಿ 'ಎರಡು' ಎಂದು ಬರೆದು ಎರಡನೆಯದನ್ನು ತೆಗೆದುಕೊಂಡ. ಅದರೊಳಗಿನವನು ಬಂದು ಅದನ್ನೂ ಅಳಿಸಿ ಮೂರು, ನಾಲ್ಕು, ಐದು, ಆರು, ಏಳು ಎಂದು ಬರೆಯುತ್ತ ಬಂದು, ಕಾಳು ಮುಗಿದದ್ದರಿಂದ 'ಎಂಟು' ಎಂದು ಬರೆದು ಹೊರಟುಹೋದ. ನಡುವಿನವನು ಕಾಗದ ನೋಡಿದ: ಎಂಟು. ತನ್ನ ಕೆಲಸವೂ ಮುಗಿಯಿತೆಂದು ಹೊರಟ. ಹೊರಗಿನವನೂ ನೋಡಿದ: ಎಂಟು. ಅವನೂ ಹೊರಟ.

"ಅಯ್ಯೋ ನಿನ್ನ! ಒಳಗಿನ ಕಥೆ ಮುಗಿಸಿ ಬಂದೋನಿಗೆ ಹೊರಗಿನ ಕಥೆ ಎಲ್ಲಿ ಬಿಟ್ಟಿದ್ದ ಅಂತ ಗೊತ್ತಾಗ್ಬೇಡ್ವೇನೋ?" ಎಂದಳು ದೊಡ್ಡಮ್ಮ. "ಮೂರು ಜನಕ್ಕೆ ಒಂದೇ ಗಂಟು ಹಾಕಿದೀಯ. ಒಬ್ಬೊಬ್ಬನಿಗೆ ಒಂದೊಂದು ಬೇಕಲ್ವಾ? ನಿನ್ ಮಿಷಿನ್ನಿಗೆ ಸೆರಗೆಲ್ಲಿದೆ?"

ಓದುಗ ಮಿತ್ರರೇ, ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ. ಪಾಸ್ಕಲ್ ಎಂಬ ಭಾಷೆ ಪ್ರತಿ ಪಡಿಯಚ್ಚಿಗೂ ನಮಗ್ಯಾರಿಗೂ ಕಾಣದಂತೆ ತಾನೇ ಒಂದು ಗಂಟು ಹಾಕಿಕೊಡುತ್ತಿತ್ತು. ನಮ್ಮ ಶಾಲೆಯ ಬಡ ಬೇಸಿಕ್ಕಿಗೆ ಆ ಸೌಕರ್ಯವಿರಲಿಲ್ಲ. ಸಾಲುಗಳನ್ನೆಲ್ಲ ಅನುವಾದಿಸಿದ ನಾನು, ಸಾಲುಗಳಲ್ಲಿ ಎಲ್ಲೂ ಬರೆದಿರದಿದ್ದ ಆ ಸೆರಗನ್ನು ಅಲ್ಲೇ ಬಿಟ್ಟು ಬಂದಿದ್ದೆ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಬೇರೆ: ಹತ್ತು ಹನ್ನೆರಡು ವರ್ಷದ ಹಿಂದೆ ನಾನು ನನ್ನ ಕೈಯಿಂದಲೇ ಒಬ್ಬಾಕೆಯನ್ನು ಹೀಗೆ ಸೆರಗಿಲ್ಲದ ಯಂತ್ರವನ್ನಾಗಿ ಮಾಡಿದ್ದೆ. ಅವಳ ಮುಖವನ್ನು ನೋಡಲಾಗದೆ ಕಾಳುಗಳನ್ನು ನೋಡುತ್ತ ಕುಳಿತೆ.

ಸೋಮವಾರ ಬೆಳಿಗ್ಗೆ ಒಂದು ಪೆಟ್ಟಿಗೆಯ ಬದಲಿಗೆ ಮೂರು ಪೆಟ್ಟಿಗೆಗಳ ಸಾಲನ್ನು ಇಟ್ಟೆ, ಹೊರಗಿನವನಿಗೊಂದು, ನಡುವಿನವನಿಗೊಂದು, ಒಳಗಿನವನಿಗೊಂದು. ಪರದೆಯ ಮೇಲೆ ಸಂಖ್ಯೆಗಳು ಇಳಿಯತೊಡಗಿದವು. ಒಂದು ಎರಡು ಏಳು ಆದ ಮೇಲೆ ಯಂತ್ರ ನಿಲ್ಲದೆ, ಒಂದು ಮೂರು ನಾಲ್ಕು ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಐದು ಆರು ಏಳಕ್ಕೆ ಮೂವತ್ತೈದು ಮುಗಿದವು. ಹೆಡ್‌ಮಾಸ್ತರರು ಪಟ್ಟಿಯನ್ನು ತಮ್ಮ ಕೈಯಿಂದಲೇ ಬರೆದು ಅಂಟಿಸಿದರು. ಹಿಂದಿ ಪಂಡಿತರು, ಡ್ರಾಯಿಂಗ್ ಮೇಷ್ಟರು ಐದು ಸಂಜೆ ಒಟ್ಟಿಗೆ ಕೂರಲೇಬೇಕಾಯಿತು. ಮೂರನೆಯ ಸಂಜೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದುದು ಕಿವಿಗೆ ಬಿದ್ದು, ಗಣಿತಕ್ಕೆ ಇದಕ್ಕಿಂತ ಸಾರ್ಥಕತೆ ಬೇಡವೆನ್ನಿಸಿತು.

ಮುಂದಿನ ಶನಿವಾರ ಮೂವತ್ತೈದು ಸಾಲಿನ ಆ ಪಟ್ಟಿಯ ಒಂದು ಪ್ರತಿಯನ್ನು ದೊಡ್ಡಮ್ಮನಿಗೆ ಕೊಟ್ಟೆ. ಒಕಟಿ, ರೆಂಡು, ಮೂಡು ಎಂದು ಬೆರಳಿಟ್ಟು ಕೊನೆಯವರೆಗೂ ಎಣಿಸಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಆ ಬೇಸಗೆಯ ಮಧ್ಯಾಹ್ನ ಗಂಟುಗಳನ್ನು ಬಿಚ್ಚಿದವನು ನಾನೇ ಎಂದು ಹೇಳಿಬಿಟ್ಟೆ. ಅವಳು ಪಟ್ಟಿಯನ್ನು ಮಡಿಸುತ್ತ, "ಗೊತ್ತಿತ್ತು. ಕಳ್ಳ ಮುಖ ಅವತ್ತೇ ನೋಡಿದ್ನಲ್ಲ," ಎಂದು ನಕ್ಕಳು. "ಮರ್ತಿರ್ಲಿಲ್ಲ ಕಣೋ. ಬಾಯಿ ತಪ್ಪಿ ಶುರು ಮಾಡ್ಬಿಟ್ಟಿದ್ದೆ, ಹೆಂಗಪ್ಪಾ ನಿಲ್ಸೋದು ಅಂತಿದ್ದೆ. ನೀನು ಬಿಚ್ಚಿದ್ದು ಒಳ್ಳೇದೇ ಆಯ್ತು."

"ಚೀಟಿ ಎತ್ತಿದ ಮೇಲೆ ಏನಾಯ್ತು ದೊಡ್ಡಮ್ಮಾ?"

ಅವಳು ಗಂಟಿಲ್ಲದ ಸೆರಗನ್ನು ಮಡಿಲಲ್ಲಿಟ್ಟುಕೊಂಡು, ಯಾವ ಒಳಗಥೆಗೂ ಇಳಿಯದೆ ಒಂದೇ ಸಮನೆ ಹೇಳಿದಳು. "ಎತ್ತಿದ್ದು ನಮ್ಮಪ್ಪ. ಅವನಿಗೆ ಓದೋಕೆ ಬರ್ತಿರ್ಲಿಲ್ಲ. ಚದುವಮ್ಮಾ, ಓದು ಅಂತ ನನ್ ಕೈಗೆ ಕೊಟ್ಟ. ಬಿಚ್ಚಿ ನೋಡಿದ್ರೆ ನನ್ನ ಹೆಸ್ರು. ನಾನೇ ಬರ್ದಿದ್ದ ಅಕ್ಷರ. ಎದುರಿಗೆ ನಾರಾಯಣಿ ಕಣ್ಣು ಮುಚ್ಕೊಂಡು ನಿಂತಿದ್ಲು. ಅವಳ ಮುಖ ನೋಡ್ದೆ. ಬಾಯಿಗೆ ಅವಳ ಹೆಸ್ರೇ ಬಂತು. ಓದ್ಬಿಟ್ಟೆ. ಚೀಟೀನ ಯಾರೂ ನೋಡ್ಬಾರ್ದು ಅಂತ ಸೆರಗಿಗೆ ಗಂಟು ಹಾಕ್ಕೊಂಡು ತೋಟಕ್ಕೋಗಿ ಅತ್ತೆ. ಸಾಯಂಕಾಲ ಕಾಲುವೆಗೆ ಹಾಕ್ದೆ."

"ಬೇಜಾರಾಗ್ಲಿಲ್ವಾ?"

"ಆಗ್ದೇ ಇರುತ್ತಾ? ಜೂನಲ್ಲಿ ಸ್ಕೂಲು ಗಂಟೆ ಹೊಡೆದ್ರೆ ಈಗ್ಲೂ ಆಗುತ್ತೆ."

ಇಷ್ಟು ವರ್ಷ ಯಾರಿಗೂ ಹೇಳದೆ ಈಗೇಕೆ ಹೇಳಿದೆ ಎಂದು ಕೇಳಿದೆ. ಚಿಕ್ಕಮ್ಮ ಕೆಲವು ತಿಂಗಳ ಹಿಂದಷ್ಟೇ ನಿವೃತ್ತಳಾಗಿದ್ದಳು. "ಅವಳಿಗೆ ಪಿಂಚಣಿ ಬರೋಕೆ ಶುರುವಾಯ್ತಲ್ಲ," ಎಂದಳು ದೊಡ್ಡಮ್ಮ. "ಇನ್ನು ಯಾರೂ ಕಿತ್ಕೊಳ್ಳೋಕಾಗಲ್ಲ."

ನನ್ನ ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ನಾನು, ಕಷ್ಟಕಾಲದಲ್ಲಿ ಯಾವಾಗಲೂ ಮಾಡುವಂತೆ, ಗಣಿತದ ಹಿಂದೆ ಅವಿತುಕೊಂಡೆ. ಎರಡರಲ್ಲಿ ಒಂದನ್ನು ಆರಿಸುವ ವಿಕಲ್ಪಗಳು ಎರಡೇ. ಯಾವುದನ್ನು ಆರಿಸಿದರೆಂದು ತಿಳಿಯಲು ಆರಿಸಿದ್ದನ್ನೇ ನೋಡಬೇಕಾಗಿಲ್ಲ, ಉಳಿದದ್ದನ್ನು ನೋಡಿದರೂ ಸಾಕು. ಇದು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಸಂಗತಿ. ಬಾಯಿ ತಾನಾಗಿಯೇ ಕೇಳಿತು: "ಇನ್ನೊಂದು ಚೀಟಿ?"

"ಯಾವ್ದು ಇನ್ನೊಂದು?"

"ಸೇರಲ್ಲಿ ಉಳಿದಿತ್ತಲ್ಲ. ಅದರಲ್ಲಿ ಚಿಕ್ಕಮ್ಮನ ಹೆಸರಿರ್ಬೇಕಲ್ಲ. ಅದನ್ನ ಯಾರು ತೆಗೆದ್ರು?"

ದೊಡ್ಡಮ್ಮನ ಬೆರಳುಗಳು ಸೆರಗಿನ ಅಂಚಿನ ಮೇಲೆ ನಿಂತವು. ಬಿಟ್ಟ ಜಾಗವನ್ನು ಎಂದೂ ತಪ್ಪದಿದ್ದ ಆ ಹೆಂಗಸು, ಕೈಗೆ ಬಂದ ಚೀಟಿಯನ್ನು ಬಚ್ಚಿಟ್ಟು, ಸೇರಿನೊಳಗೆ ಉಳಿದದ್ದನ್ನು ಸುಮಾರು ನಲವತ್ತು ವರ್ಷ ಒಮ್ಮೆಯೂ ನೆನೆದಿರಲಿಲ್ಲ. "ಪಾತ್ರೆ ಸೇರು ಎಲ್ಲಾ ತೊಳೆದಿಡೋದು..." ಎಂದು ತೊಡಗಿದಳು. "ಅದು ನಾರಾಯಣಿ ಕೆಲ್ಸ." ಮೆಲ್ಲಗೆ ತಲೆಯೆತ್ತಿ ಅಟ್ಟದ ಕೆಳಗಿನ ಹಲಗೆಯನ್ನು ನೋಡಿದಳು. ನಾನೂ ನೋಡಿದೆ. ಒಂದರಿಂದ ಏಳನೆಯ ತರಗತಿಯವರೆಗಿನ ಪುಸ್ತಕಗಳು, ವರ್ಷದ ಪಕ್ಕಕ್ಕೆ ವರ್ಷ, ಗೋಡೆಯ ಉದ್ದಕ್ಕೂ ನಿಂತಿದ್ದವು. ಚಿಕ್ಕಮ್ಮನಿಗೆ ಕೆಲಸ ಸಿಕ್ಕ ಮೊದಲ ಜೂನ್ ತಿಂಗಳಿಂದ ಒಂದು ವರ್ಷವೂ ತಪ್ಪಿರಲಿಲ್ಲ.

ಬಹಳ ಹೊತ್ತಾದ ಮೇಲೆ ದೊಡ್ಡಮ್ಮ ಸೆರಗಿನ ತುದಿಯನ್ನೆತ್ತಿ ಬಿಗಿಯಾಗಿ ಒಂದು ಗಂಟು ಹಾಕಿ, "ಮಾಲೂರಿಗೆ ನಾಳೆ ಮೊದಲ್ನೇ ಬಸ್ಸು ಎಷ್ಟೊತ್ತಿಗೋ?" ಎಂದು ಕೇಳಿದಳು.

ಭಾನುವಾರ ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರಿಗೆ ಹೋದೆವು. ಸುಲಿದ ಅವರೆಕಾಳಿನ ಗಂಟೊಂದನ್ನು ದೊಡ್ಡಮ್ಮ ತಂಗಿಗಾಗಿ ಮಡಿಲಲ್ಲಿಟ್ಟುಕೊಂಡಿದ್ದಳು. ಚಿಕ್ಕಮ್ಮ ಬಾಗಿಲು ತೆರೆದು, ಅಕ್ಕನನ್ನು ನೋಡಿ, ಏನಾಯಿತು ಎಂದು ತೆಲುಗಿನಲ್ಲಿ ಕೇಳಿದಳು. ಏನೂ ಇಲ್ಲ ಎಂದು ಇವಳು ತೆಲುಗಿನಲ್ಲೇ ಹೇಳಿದಳು. ಊಟವಾದ ಮೇಲೆ ಅಕ್ಕತಂಗಿಯರು ಹಿತ್ತಿಲ ಕಟ್ಟೆಯ ಮೇಲೆ ಕುಳಿತರು, ನಾನು ಹೊರಗಿನ ಕೋಣೆಯಲ್ಲಿ ಪತ್ರಿಕೆ ಹಿಡಿದೆ. ಅವರೇನು ಮಾತಾಡಿದರೋ ನನಗೆ ಗೊತ್ತಿಲ್ಲ. ಒಮ್ಮೆ ಇಬ್ಬರೂ ಜೋರಾಗಿ ನಕ್ಕದ್ದು ಕೇಳಿಸಿತು, ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸಂಜೆ ಹಿಂದಿರುಗುವ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ, ಈ ಸಲ ಮುಟ್ಟದೆ, ದೂರದಿಂದಲೇ ನೋಡಿದೆ. ಸೆರಗಿನ ತುದಿಯಲ್ಲಿ ಗಂಟಿರಲಿಲ್ಲ.

ಅಕ್ಕತಂಗಿಯರಿಬ್ಬರೂ ಈಗ ಇಲ್ಲ. ಆ ಯಂತ್ರವೂ ಇಲ್ಲ. ಒಂಬತ್ತು ಸಾಲಿನ ನೋಟ್‌ಪುಸ್ತಕ ಮಾತ್ರ ಎಲ್ಲೋ ಇರಬೇಕು. ಎಲ್ಲ ಗಂಟುಗಳನ್ನೂ ಬಿಚ್ಚುತ್ತ ಬಂದು ಈಗ ಮೊದಲು ಹಾಕಿದ್ದರ ಬಳಿ, ಅಂದರೆ ನನ್ನ ಕರವಸ್ತ್ರದ ಬಳಿ ನಿಂತಿದ್ದೇನೆ. ಇಷ್ಟು ಬರೆದರೂ ಅದು ಏತಕ್ಕೆಂದು ನೆನಪಾಗಲಿಲ್ಲ. ಆದರೆ ನನ್ನ ಎರಡು ಪ್ರತಿಕೂಲ ಸಾಧ್ಯತೆಗಳ ಸಿದ್ಧಾಂತದಲ್ಲಿ ನಾನು ಏನನ್ನೋ ಬಿಟ್ಟಿದ್ದೇನೆಂದು ಈಗ ಅನುಮಾನ ಬಂದಿದೆ. ಆದದ್ದಾಗಲಿ ಎಂದು ಪೆನ್ನು ಮುಚ್ಚಿ, ಕರವಸ್ತ್ರವನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಹುಣಸೆಹಣ್ಣು ತಾನೇ?" ಎಂದಳು ಹೆಂಡತಿ, ಒಲೆಯಿಂದ ಮುಖ ತಿರುಗಿಸದೆಯೇ. "ಬೆಳಿಗ್ಗೇನೇ ತರಿಸ್ಕೊಂಡೆ. ಇನ್ನು ಗಂಟು ಬಿಚ್ಚಿಬಿಡಿ."